ಬ್ಲೇಡು ಆರಿಸಿದವರು, ಹೆಲಿಕಾಪ್ಟರ್ ಹಾರಿಸಿದವರು

ಕನ್ನಡಕದ ಅಂಗಡಿಯವರನ್ನು ಬೀದಿಯ ಜನ ‘ಒಂದೋ ಎರಡೋ’ ಎಂದು ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ. ಕಣ್ಣು ಪರೀಕ್ಷೆಗೆ ಬಂದವರನ್ನು ಒಳಗಿನ ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ, “ಇದು ಒಂದು, ಇದು ಎರಡು. ಯಾವ್ದು ಚೆನ್ನಾಗಿದೆ, ಒಂದೋ ಎರಡೋ?” ಎಂದು ಕೇಳುವುದು ಅವರ ಕಸುಬು. ಜನ ಒಂದೆನ್ನುತ್ತಿದ್ದರು, ಎರಡೆನ್ನುತ್ತಿದ್ದರು, ಕನ್ನಡಕ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಊರಿನ ಅರ್ಧ ಜನರ ಕೈಯಲ್ಲಿ ಆಯ್ಕೆ ಮಾಡಿಸಿದ ಈ ಮಹಾಶಯರಿಗೆ ತಮಗೊಂದು ಬನಿಯನ್ ಆರಿಸಿಕೊಳ್ಳಲು ಬರುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಎರಡು ಬಿಳಿ ಬನಿಯನ್‌ಗಳನ್ನು ಬೆಳಕಿಗೆ ಹಿಡಿದು ಅವರು ನಿಂತರೆಂದರೆ ಅಂಗಡಿಯವನು ಊಟ ಮುಗಿಸಿ ಬಂದರೂ ಅಲ್ಲೇ ಇರುತ್ತಿದ್ದರು.

ಮದುವೆಯಾದದ್ದೂ ಅವರ ಆಯ್ಕೆಯಿಂದಲ್ಲ. ಅವರು ಮೀನ ಮೇಷ ಎಣಿಸುತ್ತ ಕೂತಿದ್ದಾಗ ಹುಡುಗಿಯೇ ಅಂಗಡಿಗೆ ಬಂದು, ಆಗುತ್ತದೋ ಇಲ್ಲವೋ ಈಗಲೇ ಹೇಳಿ, ನನಗೆ ಡ್ಯೂಟಿಗೆ ಹೊತ್ತಾಯಿತು ಎಂದಳಂತೆ. ಆಕೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಊರಿಗೆಲ್ಲ ಸಿಸ್ಟರ್, ಅವರೊಬ್ಬರಿಗೆ ಹೆಂಡತಿ. ಹೊಟ್ಟೆ ತೆರೆದಿಟ್ಟ ರೋಗಿಯ ಪಕ್ಕದಲ್ಲಿ ಗಾಯ ಅಗಲಿಸುವ ಕೊಕ್ಕೆ ಹಿಡಿದು ಗಂಟೆಗಟ್ಟಲೆ ಅಲುಗದೆ ನಿಲ್ಲುವ ಹೆಂಗಸು. ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ಮಗಳ ಶಾಲೆಯವರೆಗೆ ಎಲ್ಲವನ್ನೂ ಆಕೆ ನಿಂತ ನಿಲುವಿನಲ್ಲೇ ತೀರ್ಮಾನಿಸುತ್ತಿದ್ದರು. ಮಗಳೂ ತಾಯಿಯ ಪೈಕಿಯೇ. ಬೆಳೆದು, ಮದುವೆ ಬೇಡವೆಂದು ತಾನೇ ತೀರ್ಮಾನಿಸಿ, ಬೇರೆ ಮನೆ ಮಾಡಿ ಸುಖವಾಗಿದ್ದಳು.

ಹೀಗಿದ್ದವರ ತಲೆಗೆ ಹುಳ ಬಿಟ್ಟವರು ಸಿಮೆಂಟು ವ್ಯಾಪಾರಿ. ಅವರಿಗೆ ಮಾಡೆಲ್ ಹೆಲಿಕಾಪ್ಟರ್ ಹಾರಿಸುವ ಗೀಳು. ಎತ್ತರಕ್ಕೆ ಹೋದ ಹೆಲಿಕಾಪ್ಟರ್ ತಮ್ಮ ಕಣ್ಣಿಗೆ ಎರಡಾಗಿ ಕಾಣುತ್ತದೆಂದೂ, ಯಾವುದು ತಮ್ಮದೆಂದು ತಿಳಿಯದೆ ಕಷ್ಟವಾಗುತ್ತಿದೆಯೆಂದೂ ಹೇಳಿಕೊಂಡು ಅಂಗಡಿಗೆ ಬಂದಿದ್ದರು. ಹೊಸ ಕನ್ನಡಕದಲ್ಲಿ ಅದು ಒಂದಾಗಿ ಕಂಡ ಸಂತೋಷಕ್ಕೆ ಮುಂದಿನ ಭಾನುವಾರ ಕನ್ನಡಕದವರನ್ನೂ ಬಯಲಿಗೆ ಕರೆದುಕೊಂಡು ಹೋದರು.

ಮುಚ್ಚಿಹೋದ ಗಾಜಿನ ಕಾರ್ಖಾನೆಯ ಹಿಂದಿನ ಬಯಲು ಅದು. ಒಂದು ತಗಡಿನ ಚಪ್ಪರ, ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿಗಳು, ‘ಹವ್ಯಾಸಿ ಹಾರಾಟಗಾರರ ಸಂಘ’ ಎಂಬ ಬೋರ್ಡು. ಸಿಮೆಂಟು ವ್ಯಾಪಾರಿ ತಮ್ಮ ಹೆಲಿಕಾಪ್ಟರನ್ನು ಎದೆಮಟ್ಟಕ್ಕೆ ಏರಿಸಿ ಅಲ್ಲೇ ನಿಲ್ಲಿಸಿದರು. ಗಾಳಿಗೆ ಮೊಳೆ ಹೊಡೆದು ತೂಗುಹಾಕಿದಂತೆ ಅದು ನಿಂತುಬಿಟ್ಟಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಜೀವಮಾನವಿಡೀ ಒಂದಕ್ಕೂ ಎರಡಕ್ಕೂ ನಡುವೆ ಓಡಾಡಿದ ಮನುಷ್ಯ ಬಾಯಿ ತೆರೆದುಕೊಂಡು ನೋಡಿದರು. ತನಗೂ ಇದೇ ಬೇಕು ಅನಿಸಿತು. ಮೇಲೆ ಕೆಳಗೆ ಲಾಗ ಹಾಕಿಸುವ ಆಟ ಬೇಡ. ಹೀಗೆ ನಯವಾಗಿ, ಹೇಳಿದ ಜಾಗದಲ್ಲಿ ನಿಲ್ಲಬೇಕು, ಅಷ್ಟೇ.

ಹೆಲಿಕಾಪ್ಟರ್ ಕೊಳ್ಳುವುದಕ್ಕೆ ಬೇಸಿಗೆ ಕಳೆಯಿತು. ಯಾವ ಕಂಪನಿ, ಯಾವ ಅಳತೆ, ಯಾವ ಬಣ್ಣ ಎಂದು ತೂಗಿ ಅಳೆದು ಕೊನೆಗೆ ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದನ್ನು ತಂದರು. ಬೇರೆ ಇರಲಿಲ್ಲವಾದ್ದರಿಂದ ಆಯ್ಕೆ ಸುಲಭವಾಯಿತು. ಕಲಿಯುವುದಕ್ಕೆ ಮಳೆಗಾಲ ಹೋಯಿತು. ಮಗುಚದಿರಲೆಂದು ಕೆಳಗೆ ನಾಲ್ಕು ಕೋಲು ಕಟ್ಟಿಕೊಂಡು ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದ ಯಂತ್ರ ಚಳಿಗಾಲದ ಹೊತ್ತಿಗೆ ಮೇಲೆದ್ದಿತು. ಎದ್ದದ್ದೇನೋ ಎದ್ದಿತು, ಆದರೆ ಚಳಿಜ್ವರ ಬಂದವರ ಹಾಗೆ ಅದಕ್ಕೆ ಮೈಯೆಲ್ಲ ನಡುಕ. ಬಾಲವಂತೂ ಗಡಗಡ.

ಸಂಘದವರೆಲ್ಲ ಸುತ್ತ ನೆರೆದರು. ಬ್ಲೇಡು ಸರಿಯಿಲ್ಲ ಎಂದು ಒಕ್ಕೊರಲಿನಿಂದ ಹೇಳಿದರು. ನೆತ್ತಿಯ ಮೇಲೆ ತಿರುಗುವ ಆ ಎರಡು ಉದ್ದ ರೆಕ್ಕೆಗಳ ಮೇಲೇ ಎಲ್ಲ ನಿಂತಿದೆ, ಪೆಟ್ಟಿಗೆಯ ಜೊತೆ ಬಿಟ್ಟಿ ಬಂದ ಬ್ಲೇಡು ಬ್ಲೇಡೇ ಅಲ್ಲ ಎಂದರು. ಅಲ್ಲಿಯವರೆಗೆ ಒಗ್ಗಟ್ಟಿತ್ತು. ಹಾಗಾದರೆ ಯಾವುದು ಹಾಕಬೇಕು ಎಂದು ಕನ್ನಡಕದವರು ಕೇಳಿದ ಕ್ಷಣ ಸಂಘ ಎರಡು ಹೋಳಾಯಿತು.

ಸಿಮೆಂಟು ವ್ಯಾಪಾರಿ ಭಾರದ ಪಕ್ಷದ ಮುಖಂಡರು. ತೂಕವುಳ್ಳ ಬ್ಲೇಡು ಗಾಳಿ ಬೀಸಿದರೆ ಬೆದರುವುದಿಲ್ಲ, ಮೋಟಾರು ನಿಂತರೂ ತಿರುಗುತ್ತಲೇ ಇದ್ದು ಮೆತ್ತಗೆ ಇಳಿಸುತ್ತದೆ, ಪ್ರಪಂಚದಲ್ಲಿ ನಿಂತಿರುವುದೆಲ್ಲ ತೂಕದಿಂದಲೇ ನಿಂತಿದೆ ಎಂಬುದು ಅವರ ವಾದ. ಅವರ ಎದುರಿಗೆ ಬ್ಯಾಂಕಿನ ಮ್ಯಾನೇಜರು, ಹಗುರ ಪಕ್ಷ. ಬೆಳಿಗ್ಗೆ ಓಡಿ, ಸಂಜೆ ಹಸಿ ತರಕಾರಿ ತಿನ್ನುವ ಮನುಷ್ಯ. ಹಗುರ ಬ್ಲೇಡು ಬೆರಳಿನ ಮಾತು ತಕ್ಷಣ ಕೇಳುತ್ತದೆ, ಭಾರದ್ದು ಕೇಳುವ ಹೊತ್ತಿಗೆ ಹೆಲಿಕಾಪ್ಟರ್ ಪೊದೆಯಲ್ಲಿರುತ್ತದೆ ಎಂಬುದು ಅವರ ಸಿದ್ಧಾಂತ. ಇಬ್ಬರಿಗೂ ಮಾತುಕತೆ ನಿಂತು ಬಹಳ ಕಾಲವಾಗಿತ್ತು. ಇವರ ನಡುವೆ ಅಧ್ಯಕ್ಷರು, ನಿವೃತ್ತ ತೆರಿಗೆ ಸಲಹೆಗಾರರು. ತಮ್ಮ ಕೊನೆಯ ಹೆಲಿಕಾಪ್ಟರನ್ನು ಕಾರ್ಖಾನೆಯ ಗೋಡೆಗೆ ಅಪ್ಪಳಿಸಿದ ಮೇಲೆ ಅವರು ಹಾರಿಸುವುದನ್ನು ಬಿಟ್ಟಿದ್ದರು. ಅಲ್ಲಿಂದಾಚೆ ಅವರ ಜ್ಞಾನಕ್ಕೆ ಅಡ್ಡಿಪಡಿಸುವಂಥದ್ದು ಏನೂ ಉಳಿದಿರಲಿಲ್ಲ. ಭಾರವೂ ಇರಬೇಕು, ಹಗುರವೂ ಇರಬೇಕು ಎಂದು ಅವರು ತೀರ್ಪು ಕೊಟ್ಟರು.

ಕನ್ನಡಕದವರು ಎಲ್ಲರ ಮಾತನ್ನೂ ಕೇಳಿದರು. ಭಾರದ ಜೋಡಿ ತಂದರು. ಹಗುರದ ಜೋಡಿ ತಂದರು. ಅಗಲದವು, ಕಿರಿದಾದವು, ಫೈಬರ್ ಗ್ಲಾಸಿನವು, ಕಾರ್ಬನ್ನಿನವು, ಒಂದು ಕಡೆ ಮಾತ್ರ ಉಬ್ಬಿದವು, ಎರಡೂ ಕಡೆ ಸಮ ಉಬ್ಬಿನವು. ಅಂಗಡಿಯಲ್ಲಿ ಕನ್ನಡಕದ ಫ್ರೇಮು ತೂಗಿಬಿಡುತ್ತಿದ್ದ ಕಂಬಿಯಲ್ಲಿ ಬ್ಲೇಡುಗಳು ನೇತಾಡತೊಡಗಿದವು. ಒಬ್ಬ ಗಿರಾಕಿ, ಇದು ಹೊಸ ನಮೂನೆಯ ಟೈಯೋ ಎಂದು ಕೇಳಿದನಂತೆ. ಯಾವುದನ್ನು ಹಾಕಿದರೂ ನಡುಕ ಹೋಗಲಿಲ್ಲ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಕೊನೆಗೆ ಅವರಿಗೆ ಅವರ ಕಸುಬೇ ದಾರಿ ತೋರಿಸಿತು. ಒಂದು ಭಾನುವಾರ ಸಿಮೆಂಟು ವ್ಯಾಪಾರಿಯವರ ಹೆಲಿಕಾಪ್ಟರನ್ನು ಪಕ್ಕದಿಂದ ನೋಡುತ್ತ ಕೂತಿದ್ದಾಗ, ತಿರುಗುವ ಬ್ಲೇಡು ಅಲ್ಲಿ ಒಂದೇ ತೆಳು ಗೆರೆಯಾಗಿ ಕಂಡಿತು. ತಮ್ಮದು ತಿರುಗುವಾಗ ಅಂಚು ಮಸುಕಾಗಿ, ದಪ್ಪಗಾಗಿ ಕಾಣುತ್ತಿತ್ತು. ಒಂದು ವಸ್ತು ಎರಡಾಗಿ ಕಂಡರೆ ಅದರ ಅರ್ಥವೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಬ್ಲೇಡಿನ ತುದಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ ಟೇಪು ಸುತ್ತಿ ತಿರುಗಿಸಿ ನೋಡಿದರು. ಕೆಂಪು ಗೆರೆ ಮೇಲೆ, ನೀಲಿ ಗೆರೆ ಕೆಳಗೆ. ಎರಡು ಬ್ಲೇಡುಗಳು ಒಂದೇ ಮಟ್ಟದಲ್ಲಿ ಓಡದೆ, ಜಗಳವಾಡಿದ ಗಂಡ ಹೆಂಡತಿಯ ಹಾಗೆ ಒಂದೇ ಮನೆಯಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದವು. ಕೆಂಪು ಬ್ಲೇಡಿನ ಓರೆ ಹಿಡಿಯುವ ಪುಟ್ಟ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿದರು. ಗೆರೆಗಳು ಹತ್ತಿರ ಬಂದವು. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ಜೋಡಿಯನ್ನು ತೂಗಿ, ಹಗುರವಾಗಿದ್ದ ಬ್ಲೇಡಿಗೆ ಟೇಪು ಅಂಟಿಸಿ ತೂಕ ಸಮ ಮಾಡಿದರು. ಬ್ಲೇಡಿನ ಬುಡದ ಬೋಲ್ಟನ್ನು ತೀರಾ ಸಡಿಲವಲ್ಲದೆ, ತೀರಾ ಬಿಗಿಯೂ ಅಲ್ಲದೆ ಎರಡೂ ಕಡೆ ಒಂದೇ ಹದಕ್ಕೆ ತಂದರು. ಮುಂದಿನ ಭಾನುವಾರ ಬಾಲದ ಗಡಗಡ ಮಾಯವಾಗಿತ್ತು. ತಾವು ಮೊದಲಿನಿಂದ ಹೇಳುತ್ತಿದ್ದದ್ದೇ ಇದು ಎಂದು ಅಧ್ಯಕ್ಷರು ನೆನಪಿಸಿದರು.

ಆದರೆ ಇನ್ನೊಂದು ತೊಂದರೆ ಉಳಿಯಿತು. ಈಗ ಯಂತ್ರ ಒಳಗಿನಿಂದ ನಡುಗುತ್ತಿರಲಿಲ್ಲ; ನಿಂತಲ್ಲಿ ನಿಲ್ಲುತ್ತಲೂ ಇರಲಿಲ್ಲ. ಸಣ್ಣಗೆ ತಲೆಯಾಡಿಸುತ್ತಿತ್ತು, ಹೌದೌದು ಎನ್ನುವ ಹಾಗೆ. ಭಾರದ ಪಕ್ಷ ಬ್ಲೇಡಿನ ತೂಕ ಸಾಲದು ಎಂದಿತು. ಹಗುರ ಪಕ್ಷ ತೂಕ ಜಾಸ್ತಿಯಾಯಿತು ಎಂದಿತು. ಕನ್ನಡಕದವರು ಮತ್ತೆ ಕಂಬಿಗೆ ಬ್ಲೇಡು ತಂದು ತೂಗುಹಾಕಿದರು.

ಆ ವರ್ಷ ಅವರಿಗೆ ಲೋಕದ ಸಾಮಾನುಗಳೆಲ್ಲ ಕೆಟ್ಟು ಹೋದವು. ಕನ್ನಡಕದ ಕಡ್ಡಿಗೆ ಹಾಕುವ ಸಾಸಿವೆಯಷ್ಟು ಸ್ಕ್ರೂ ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ, ಈಗಿನ ಸ್ಕ್ರೂಗಳು ಮೊದಲಿನ ಹಾಗಿಲ್ಲ ಎನ್ನುತ್ತಿದ್ದರು. ಸಹಿ ಅಂಕುಡೊಂಕಾದರೆ ಪೆನ್ನು ಸರಿಯಿಲ್ಲ. ಕಾಫಿ ಚೆಲ್ಲಿದರೆ ಲೋಟದ ಕಂಠ ಸರಿಯಿಲ್ಲ. ಹೆಂಡತಿ ಕೇಳಿಸಿಕೊಳ್ಳುತ್ತಿದ್ದರು. ಮೇಜು ಒರೆಸಿ ಹೋಗುತ್ತಿದ್ದರು.

ಹೀಗಿರುವಾಗ ಸಂಘ ಒಂದು ಸ್ಪರ್ಧೆ ಇಟ್ಟಿತು. ನೆಲದ ಮೇಲೆ ಸುಣ್ಣದ ವೃತ್ತ. ಅದರ ನೆತ್ತಿಯ ಮೇಲೆ ಹೆಲಿಕಾಪ್ಟರನ್ನು ಅಲುಗದಂತೆ ನಿಲ್ಲಿಸಬೇಕು, ಆಮೇಲೆ ಸುತ್ತಿಸಿ ಅಲ್ಲೇ ಇಳಿಸಬೇಕು. ಕನ್ನಡಕದವರು ಬ್ಲೇಡು ಆರಿಸುತ್ತ ಎರಡು ಜೋಡಿಗಳವರೆಗೆ ಬಂದು ಸಿಕ್ಕಿಕೊಂಡರು. ಯಾವುದು ಹಾಕುವುದೆಂದು ತಿಳಿಯದೆ, ಸ್ಪರ್ಧೆಯ ಹಿಂದಿನ ಭಾನುವಾರ ಎರಡನ್ನೂ ಹೊತ್ತುಕೊಂಡು ಅಭ್ಯಾಸಕ್ಕೆ ಹೊರಟರು. ಹೆಂಡತಿಗೆ ಅಂದು ರಜೆ. ಬಿಡಿ ಬ್ಲೇಡು ಹಿಡಿದುಕೊಳ್ಳುವುದಕ್ಕಾದರೂ ಬಾ ಎಂದು ಕರೆದರು. ಆಕೆ ಮೊದಲ ಬಾರಿಗೆ ಆ ಬಯಲು ನೋಡಿದ್ದು ಹಾಗೆ.

ಹೆಲಿಕಾಪ್ಟರ್ ಎದ್ದಿತು. ವೃತ್ತದ ಮೇಲೆ ನಿಂತು ತಲೆಯಾಡಿಸಿತು. ಅವರು ಇಳಿಸಿ, ಬ್ಲೇಡು ಬದಲಿಸಿ, ಮತ್ತೆ ಏರಿಸಿದರು. ಮತ್ತೆ ತಲೆಯಾಡಿಸಿತು.

“ನೋಡಿದ್ಯಾ? ಎರಡೂ ಸರಿಯಿಲ್ಲ” ಎಂದರು ಅವರು.

ಹೆಂಡತಿ ಕೈಯಲ್ಲಿದ್ದ ಬಿಡಿ ಬ್ಲೇಡುಗಳನ್ನು ಕುರ್ಚಿಯ ಮೇಲಿಟ್ಟರು. ಆಮೇಲೆ ಸಿಮೆಂಟು ವ್ಯಾಪಾರಿಯನ್ನು ಕರೆದು, ಬ್ಲೇಡು ಬದಲಿಸದೆ, ಒಂದು ಸ್ಕ್ರೂ ಕೂಡ ಮುಟ್ಟದೆ ಇದನ್ನೇ ಒಂದು ಸಲ ಹಾರಿಸಿ ಎಂದರು. ಆಪರೇಷನ್ ಟೇಬಲ್ಲಿನ ಪಕ್ಕ ಮಾತಾಡುವ ಧ್ವನಿಯದು, ಅದಕ್ಕೆ ಎದುರಾಡಿದವರಿಲ್ಲ. ವ್ಯಾಪಾರಿ ರಿಮೋಟು ತೆಗೆದುಕೊಂಡರು. ಹೆಲಿಕಾಪ್ಟರ್ ಎದೆಮಟ್ಟಕ್ಕೆ ಏರಿ ವೃತ್ತದ ಮೇಲೆ ನಿಂತಿತು. ನಿಂತೇ ಇತ್ತು.

“ರೀ, ಮೊದಲು ನೀವು ಹಾರಿಸಿದ್ದು ಒಂದು. ಈಗ ಇವರು ಹಾರಿಸ್ತಿರೋದು ಎರಡು” ಎಂದರು ಹೆಂಡತಿ. “ಯಾವ್ದು ಚೆನ್ನಾಗಿದೆ ಹೇಳಿ.”

ಹಗುರ ಪಕ್ಷದವರು ಆಕಾಶ ನೋಡಿದರು. ಅಧ್ಯಕ್ಷರಿಗೆ ಚಪ್ಪರದಲ್ಲಿ ಏನೋ ತುರ್ತು ಕೆಲಸ ಬಂತು. ಕನ್ನಡಕದವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದು, ಬೇರೆಯವರ ಕಣ್ಣು ನೋಡುವಷ್ಟೇ ಗಮನವಿಟ್ಟು ನೋಡಿದರು. ಬೆರಳ ತುದಿಗಳು ಸಣ್ಣಗೆ ತಲೆಯಾಡಿಸುತ್ತಿದ್ದವು.

ಹೆಲಿಕಾಪ್ಟರ್ ಹೊತ್ತುಕೊಂಡು ಇಬ್ಬರೂ ಮನೆಗೆ ಬಂದರು. ಅಡುಗೆಮನೆಯಲ್ಲಿ ಹೆಂಡತಿ ಕಾಫಿಗೆ ನೀರಿಟ್ಟಾಗ ಅವರು ಬಾಗಿಲಿಗೆ ಒರಗಿ ನಿಂತರು.

“ನಿಂಗೆ ಯಾವಾಗ್ಲಿಂದ ಗೊತ್ತು?”

“ನಿಮ್ಮ ಲೋಟಕ್ಕೆ ನಾನು ಅರ್ಧ ಕಾಫಿ ಹಾಕೋಕೆ ಶುರು ಮಾಡಿದಾಗ್ಲಿಂದ.”

“ಹೇಳ್ಬಾರ್ದಿತ್ತಾ?”

“ಊರೋರ್ನೆಲ್ಲ ಕೇಳಿದ್ರಿ, ನನ್ನೊಬ್ಬಳನ್ನ ಕೇಳ್ಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೆಲ ಡೊಂಕು ಅಂತ ಊರೆಲ್ಲ ಒಪ್ಪಿಕೊಂಡ್ಮೇಲೆ ನಾನೊಬ್ಬಳು ಏನಂತ ಹೇಳ್ಲಿ?” ಎಂದು ಆಕೆ ಒಲೆ ಸಣ್ಣ ಮಾಡಿದರು. ಕಾಫಿಪುಡಿ ಹಾಕುತ್ತ, “ನಂಗೂ ಹೆದರಿಕೆ ಇತ್ತು. ಏನೋ ದೊಡ್ಡದೇ ಇದ್ರೆ ಅಂತ. ಅದಕ್ಕೇ ದಿನ ದೂಡಿದೆ” ಎಂದರು.

ನಿಂತ ನಿಲುವಿನಲ್ಲಿ ತೀರ್ಮಾನ ಮಾಡುವ ಹೆಂಡತಿಯೂ ದಿನ ದೂಡಬಲ್ಲಳೆಂದು ಕನ್ನಡಕದವರಿಗೆ ಅದುವರೆಗೆ ಗೊತ್ತಿರಲಿಲ್ಲ. ಅವರು ಹೋಗಿ ಲೋಟಗಳನ್ನು ತೆಗೆದಿಟ್ಟರು.

ಮರುದಿನ ಇಬ್ಬರೂ ನರರೋಗದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಮೂಗು ಮುಟ್ಟಿಸಿದರು, ನಡೆಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ದೊಡ್ಡ ರೋಗವೇನೂ ಅಲ್ಲ, ಕೆಲವರ ಕೈ ವಯಸ್ಸಿನ ಜೊತೆ ಹೀಗಾಗುತ್ತದೆ, ಮನೆತನದಲ್ಲೇ ಬಂದಿರಬಹುದು, ಮಾತ್ರೆಯಿಂದ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಮಾತ್ರೆಯನ್ನು ಅವರೇ ಬರೆದುಕೊಟ್ಟರು. ಎರಡರಲ್ಲಿ ಯಾವುದು ಬೇಕೆಂದು ಇವರನ್ನು ಕೇಳಲಿಲ್ಲ. ಕೇಳಿದ್ದರೆ ಚಿಕಿತ್ಸೆ ಇನ್ನೂ ಶುರುವಾಗುತ್ತಿರಲಿಲ್ಲ.

ಸ್ಪರ್ಧೆಗೆ ಅವರು ಹೋಗಲಿಲ್ಲ. ಹೆಲಿಕಾಪ್ಟರ್ ಬೀರುವಿನ ಮೇಲೇರಿ ಕೂತಿತು. ಅಂಗಡಿಯಲ್ಲಿ ಮಣಿಕಟ್ಟು ಊರಿಕೊಳ್ಳಲು ಒಂದು ದಿಂಬು ಮಾಡಿಸಿಕೊಂಡು ಸ್ಕ್ರೂ ಹಾಕತೊಡಗಿದರು. ಸ್ಕ್ರೂ ಬಿದ್ದರೆ, “ಕೈ ನಡುಗತ್ತೆ, ಸ್ವಲ್ಪ ತಡೀರಿ” ಎಂದು ಗಿರಾಕಿಗೆ ನೇರವಾಗಿ ಹೇಳತೊಡಗಿದರು. ಸ್ಕ್ರೂಗಳ ಗುಣಮಟ್ಟ ಒಂದೇ ವಾರದಲ್ಲಿ ಸುಧಾರಿಸಿತು. ಆದರೆ ಭಾನುವಾರ ಬಂದರೆ ಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದರು. ಗಾಳಿ ಎಷ್ಟಿದೆ ಎಂದು ಎದುರು ಮನೆಯಲ್ಲಿ ಒಣಹಾಕಿದ ಬಟ್ಟೆ ನೋಡುತ್ತಿದ್ದರು.

ಇದನ್ನು ಕೆಲವು ಭಾನುವಾರ ಸಹಿಸಿದ ಹೆಂಡತಿ ಒಂದು ಬೆಳಿಗ್ಗೆ ಕುರ್ಚಿ ಹಾಕಿ ಬೀರುವಿನ ಮೇಲಿಂದ ಹೆಲಿಕಾಪ್ಟರ್ ಇಳಿಸಿದರು.

“ನಾನು ಹಾರಿಸ್ತೀನಿ. ನೀವು ಬ್ಲೇಡ್ ನೋಡ್ಕೊಳ್ಳಿ” ಎಂದರು.

ಕಲಿಯುವುದು ಆಕೆಗೂ ಸುಲಭವಾಗಲಿಲ್ಲ. ಕೋಲು ಕಟ್ಟಿದ ಯಂತ್ರ ಆಕೆಯ ಕೈಯಲ್ಲೂ ಕಪ್ಪೆಯಾಗಿಯೇ ಕುಪ್ಪಳಿಸಿತು. ಮೂತಿ ತಮ್ಮ ಕಡೆ ತಿರುಗಿದಾಗ ಎಡ ಬಲ ಅದಲುಬದಲಾಗಿ, ಆಕೆ ಬಾಯಿಗೆ ಬಂದಂತೆ ಬೈದದ್ದನ್ನು ಬಯಲು ಕೇಳಿಸಿಕೊಂಡಿತು. ಆದರೆ ಆ ಕೈಗಳು ಅಲುಗುವುದನ್ನು ಎಂದೋ ಮರೆತಿದ್ದವು. ಮತ್ತೆ ಬೇಸಿಗೆ ಬರುವ ಹೊತ್ತಿಗೆ ಯಂತ್ರ ಆಕೆಯ ಮಾತು ಕೇಳತೊಡಗಿತ್ತು.

ಸಂಘದ ಮುಂದಿನ ಸ್ಪರ್ಧೆ ಹತ್ತಿರ ಬಂತು. ಅಂಗಡಿಯಲ್ಲಿ ಕಂಬಿಯ ಮುಂದೆ ನಿಂತು ಕನ್ನಡಕದವರು, ಯಾವ ಜೋಡಿ ಹಾಕೋಣ ಎಂದು ಎಂದಿನ ಧಾಟಿಯಲ್ಲಿ ಶುರು ಮಾಡಿದರು. ಹೆಂಡತಿ, “ನಾನು ಅದ್ರಲ್ಲಿ ಏನು ಮಾಡ್ಬೇಕು, ಅದನ್ನ ಮೊದ್ಲು ಹೇಳಿ. ಹೊಟ್ಟೆ ಕೊಯ್ಯಬೇಕೋ ಹಲ್ಲು ಕೀಳಬೇಕೋ ಗೊತ್ತಿಲ್ದೆ ಕತ್ತಿ ಹೇಗೆ ಆರಿಸ್ತೀರಿ?” ಎಂದರು.

ಸಂಘದಲ್ಲಿ ಅಷ್ಟು ಕಾಲ ನಡೆದ ಯುದ್ಧದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಲಾಗ ಬೇಡ, ವೇಗ ಬೇಡ; ನಿಲ್ಲಬೇಕು, ನಿಧಾನಕ್ಕೆ ಸುತ್ತಬೇಕು, ಹೇಳಿದಲ್ಲಿ ಇಳಿಯಬೇಕು. ಹಾಗೆಂದ ಮೇಲೆ ಹಗುರದ ಜೋಡಿಗಳು ತಾವಾಗಿಯೇ ಕೆಳಗಿಳಿದವು. ಒಂದು ಕಡೆ ಮಾತ್ರ ಉಬ್ಬಿದವು ಹೋದವು. ಬಳುಕುವವು ಹೋದವು. ಈ ಯಂತ್ರದ ಅಳತೆಗಿಂತ ಉದ್ದವಾಗಿದ್ದು ಬಾಲಕ್ಕೆ ಹತ್ತಿರ ಸುಳಿಯುತ್ತಿದ್ದವು ಹೋದವು. ಉಳಿದದ್ದು ಸರಿಯಾದ ಉದ್ದದ, ಎರಡೂ ಕಡೆ ಸಮ ಉಬ್ಬಿನ, ಕೊಂಚ ತೂಕದ, ಬಿರುಸಾದ ಕಾರ್ಬನ್ ಜೋಡಿ ಒಂದೇ. ಬನಿಯನ್ನಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಅರ್ಧವೂ ಹಿಡಿಯಲಿಲ್ಲ. ತೂಕ ಸಮ ಮಾಡಿ, ಟೇಪು ಸುತ್ತಿ, ಬಯಲಿನಲ್ಲಿ ದೂರಕ್ಕೆ ಹೋಗಿ ಮಂಡಿಯೂರಿ ಪಕ್ಕದಿಂದ ನೋಡಿದರು. ಕೆಂಪೂ ನೀಲಿಯೂ ಸೇರಿ ಒಂದೇ ಗೆರೆ. ಮೋಟಾರಿನ ವೇಗ ತುಸು ಇಳಿಸಿದರು. ಸದ್ದು ಕೂಡ ಮೆತ್ತಗಾಯಿತು.

ಸ್ಪರ್ಧೆಯ ದಿನ ಸಿಸ್ಟರ್ ಹೆಲಿಕಾಪ್ಟರನ್ನು ಏರಿಸಿ ವೃತ್ತದ ಮೇಲೆ ನಿಲ್ಲಿಸಿದರು. ಹಗುರ ಪಕ್ಷದ ಮ್ಯಾನೇಜರು ತರಕಾರಿಯ ಡಬ್ಬಿ ಮುಚ್ಚಿ ನೋಡಿದರು. ನೆರಳು ಸುಣ್ಣದ ಗೆರೆಯೊಳಗೆ ಅಂಟಿಸಿದಂತಿತ್ತು. ಕನ್ನಡಕದವರು ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಂತಿದ್ದರು. ಜೇಬು ನಡುಗುತ್ತಿತ್ತು, ಆದರೆ ಅದು ಮಾತ್ರೆ ಮರೆತದ್ದರಿಂದಲ್ಲ.

ಮೊದಲ ಬಹುಮಾನ ಸಿಮೆಂಟು ವ್ಯಾಪಾರಿಗೆ ಹೋಯಿತು. ಬಹುಮಾನದ ಕಪ್ಪನ್ನು ಕೊಡಿಸಿದವರೂ ಅವರೇ ಆದ್ದರಿಂದ ಅದು ಸುರಕ್ಷಿತವಾಗಿ ಮನೆಗೆ ಮರಳಿತು ಎನ್ನಬಹುದು. ಸಿಸ್ಟರಿಗೆ ಎರಡನೆಯದು. ಸಭೆ ಮುಗಿದ ಮೇಲೆ ಎರಡೂ ಪಕ್ಷದವರು ಕನ್ನಡಕದವರನ್ನು ಮುತ್ತಿ, ಯಾವ ಕಂಪನಿಯ ಬ್ಲೇಡು ಎಂದು ಕೇಳಿದರು. ಅವರು ಸಂತೋಷದಿಂದ ತೂಕ ಸಮ ಮಾಡುವುದು, ಗೆರೆ ಒಂದಾಗಿಸುವುದು, ಬೋಲ್ಟಿನ ಹದ ಎಲ್ಲ ವಿವರಿಸಿದರು. ಅದೆಲ್ಲ ಇರಲಿ, ಕಂಪನಿ ಯಾವುದು ಎಂದರು. ಹೇಳಿದರು. ತಿಂಗಳೊಳಗೆ ಸಂಘದ ಹೆಲಿಕಾಪ್ಟರುಗಳೆಲ್ಲ ಅದೇ ಬ್ಲೇಡು ಕಟ್ಟಿಕೊಂಡು ಹಿಂದಿನ ಹಾಗೆಯೇ ನಡುಗಿದವು. ಕನ್ನಡಕದವರು ಅಸಲಿ ಕಂಪನಿಯ ಹೆಸರು ಮುಚ್ಚಿಟ್ಟಿದ್ದಾರೆ ಎಂದು ಬಯಲೆಲ್ಲ ಸುದ್ದಿಯಾಯಿತು. ಭಾರದ ಪಕ್ಷವೂ ಹಗುರದ ಪಕ್ಷವೂ ಬಹಳ ಕಾಲದ ನಂತರ ಒಂದು ವಿಷಯದಲ್ಲಿ ಒಂದಾಗಿ, ಪರಸ್ಪರ ಮಾತಾಡತೊಡಗಿದವು.

ಸಿಸ್ಟರಿಗೆ ನಿಲ್ಲಿಸುವುದು ಸಾಕಾಯಿತು. ಮುಂದಕ್ಕೂ ಓಡಿಸಿ ನೋಡುತ್ತೇನೆ ಎಂದು ಒಂದು ಸಂಜೆ ವೇಗ ಹೆಚ್ಚಿಸಿ, ತಿರುವಿನಲ್ಲಿ ತಡವಾಗಿ ರಿಮೋಟಿನ ಕಡ್ಡಿ ಎಳೆದು, ಹೆಲಿಕಾಪ್ಟರನ್ನು ಸೀದಾ ಮುಳ್ಳಿನ ಪೊದೆಗೆ ನುಗ್ಗಿಸಿದರು. ಬ್ಲೇಡುಗಳೆರಡೂ ಚೂರು ಚೂರು. ಅಧ್ಯಕ್ಷರು ಏದುಸಿರು ಬಿಡುತ್ತ ಓಡಿಬಂದು, ಇಂಥ ಭಾರದ ಬ್ಲೇಡು ಹಾಕಿದರೆ ಹೀಗಾಗದೆ ಇನ್ನೇನಾಗುತ್ತದೆ, ಅದಕ್ಕೇ ತಾವು ಮೊದಲೇ ಹೇಳಿದ್ದು ಎಂದರು.

“ಬ್ಲೇಡ್ ಚೆನ್ನಾಗೇ ಇತ್ತು ಸಾರ್” ಎಂದರು ಕನ್ನಡಕದವರು. “ತಪ್ಪು ಇವಳದ್ದು.”

“ಹೌದು, ನಂದೇ” ಎಂದರು ಸಿಸ್ಟರ್.

ಅಧ್ಯಕ್ಷರು ಇಬ್ಬರ ಮುಖವನ್ನೂ ನೋಡಿದರು. ಸಂಘದಲ್ಲಿ ಅಂಥ ಮಾತು ಅದುವರೆಗೆ ಯಾರೂ ಆಡಿರಲಿಲ್ಲವಾದ್ದರಿಂದ ಚಪ್ಪರದ ಕಡೆ ನಡೆದರು. ಗಂಡ ಹೆಂಡತಿ ಪೊದೆಯ ಎರಡು ಕಡೆ ಬಗ್ಗಿ, ಮುಳ್ಳು ಸರಿಸುತ್ತ, ಕಾರ್ಬನ್ ಚೂರುಗಳನ್ನು ಹೆಕ್ಕತೊಡಗಿದರು. ದನಕರು ತುಳಿದಾವು, ಒಂದೂ ಬಿಡಬೇಡಿ ಎಂದು ಆಕೆ ಹೇಳುತ್ತಿದ್ದರು. ಮುಂದಿನದಕ್ಕೆ ಇನ್ನೊಂದು ಚೂರು ತೂಕ ಕಮ್ಮಿ ಇದ್ದರೆ ತಿರುವಿಗೆ ಅನುಕೂಲವೇನೋ ಎಂದು ಅವರು ಆಗಲೇ ಗೊಣಗಲು ಶುರು ಮಾಡಿದ್ದರು.